ನಕ್ಷೆಯೊಡನೆ ಬಂದ ಯಂತ್ರಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಬ್ಬು ಬೆಳೆಯುವ ಯಾವ ಊರಿಗೆ ಹೋದರೂ ಮೋಟರ್ ಸುತ್ತುವ ಅಂಗಡಿಯೊಂದು ಕಣ್ಣಿಗೆ ಬೀಳುತ್ತದೆ. ನಾಗನೂರವೂ ಇದಕ್ಕೆ ಹೊರತಲ್ಲ. ವಿದ್ಯುತ್ತಿನ ಏರಿಳಿತಕ್ಕೆ ಸಿಕ್ಕಿ ಸುಟ್ಟುಹೋದ ಪಂಪ್‌ಸೆಟ್ಟನ್ನು ಇಲ್ಲಿ ಯಾರೂ ತಕ್ಷಣ ಗುಜರಿಗೆ ಹಾಕುವುದಿಲ್ಲ. ಕರಕಾದ ತಂತಿಯನ್ನು ಕಿತ್ತು, ಸುತ್ತುಗಳನ್ನು ಎಣಿಸಿ, ಅಷ್ಟೇ ದಪ್ಪದ ಹೊಸ ತಾಮ್ರದ ತಂತಿಯನ್ನು ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸಿದರೆ ಮೋಟರು ಮರಳಿ ಬಾವಿಗೆ ಇಳಿಯುತ್ತದೆ. ಒಂದೇ ಮೋಟರು ಹೀಗೆ ನಾಲ್ಕಾರು ಬಾರಿ ಮರುಹುಟ್ಟು ಪಡೆಯುವುದುಂಟು. ಇದನ್ನು ಪರಿಸರ ಸಂರಕ್ಷಣೆ ಎಂದು ಯಾರೂ ಕರೆದಿಲ್ಲ. ಸುತ್ತುವವನಿಗೂ ಹಾಗೆ ಅನಿಸಿರಲಾರದು. ಆದರೂ ನೆಲದೊಳಗಿನ ತಾಮ್ರವನ್ನು ಉಳಿಸುವ ಕೆಲಸ ಈ ಅಂಗಡಿಗಳಲ್ಲಿ ನಡೆದಷ್ಟು ಸದ್ದಿಲ್ಲದೆ ಬೇರೆಲ್ಲೂ ನಡೆದಿಲ್ಲ.

ಇದು ಸಾಧ್ಯವಾಗಲು ಕಾರಣ ಸರಳವಾದುದು. ಮೋಟರು ತನ್ನ ಗುಟ್ಟನ್ನು ಬಚ್ಚಿಡುವುದಿಲ್ಲ. ಬಿಚ್ಚಿ ನೋಡಿದವನಿಗೆ ಅದು ತನ್ನನ್ನು ತಾನೇ ವಿವರಿಸುತ್ತದೆ. ಇಂಥದೇ ಗುಣವಿದ್ದ ಒಂದು ಜಾತಿಯ ಗಣಕಯಂತ್ರವೂ ಜಗತ್ತಿನಲ್ಲಿತ್ತು, ಅರ್ಧ ಶತಮಾನ ಕಳೆದ ಮೇಲೂ ಹವ್ಯಾಸಿಗಳು ಅದನ್ನು ಬಿಚ್ಚಿ ಜೋಡಿಸಿ ನಡೆಸುತ್ತಿದ್ದಾರೆ ಎಂಬುದು ನಮ್ಮ ಕಡೆ ಹೆಚ್ಚು ಜನರಿಗೆ ತಿಳಿದಿಲ್ಲ. ಗುಡ್ಡಗಾಡಿನ ಹಳ್ಳಿಗಳಿಗೂ ವಿದ್ಯಾರ್ಥಿಗಳಿಗೂ ಅದರಿಂದ ಕಲಿಯಬೇಕಾದದ್ದು ಸಾಕಷ್ಟಿದೆ.

ಆ ಯಂತ್ರಗಳ ಹೆಸರು ಮಿನಿಕಂಪ್ಯೂಟರ್. ‘ಮಿನಿ’ ಎಂದರೆ ಕಿಸೆಯಲ್ಲಿಡುವಷ್ಟು ಚಿಕ್ಕದೆಂದು ಭಾವಿಸಬಾರದು. ಅದಕ್ಕೂ ಮೊದಲಿನ ಗಣಕಗಳು ಇಡೀ ಕೋಣೆಯನ್ನೇ ನುಂಗುತ್ತಿದ್ದವು. ಇದು ಒಂದು ಕಪಾಟಿನಲ್ಲಿ ಹಿಡಿಸುತ್ತಿತ್ತು ಎಂಬಷ್ಟೇ ಅದರ ಅರ್ಥ. ಈ ಬಗೆಯ ಯಂತ್ರಗಳಿಗೆ ಹೆಸರಾದ ಕಂಪನಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್, ಸಂಕ್ಷಿಪ್ತವಾಗಿ ಡಿಇಸಿ. 1957ರಲ್ಲಿ ಅದು ಆರಂಭವಾದದ್ದು ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್ ಎಂಬ ಊರಿನಲ್ಲಿ, ಹೊಳೆಯ ದಂಡೆಯ ಹಳೆಯ ಉಣ್ಣೆ ಗಿರಣಿಯೊಂದರಲ್ಲಿ. ಗೋಕಾಕ ಜಲಪಾತದ ನೆತ್ತಿಯ ಮೇಲೆ 1880ರ ದಶಕದಲ್ಲಿ ಘಟಪ್ರಭೆಯ ನೀರಿನ ಬಲ ನಂಬಿ ಹತ್ತಿಯ ಗಿರಣಿ ಎದ್ದುದನ್ನು ಬಲ್ಲ ಈ ಸೀಮೆಯವರಿಗೆ ಆ ಚಿತ್ರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಡಿಇಸಿ 1965ರಲ್ಲಿ ಹೊರತಂದ ಪಿಡಿಪಿ-8 ಯಂತ್ರದ ಬೆಲೆ ಸುಮಾರು 18,000 ಡಾಲರ್. ಆ ದಿನಗಳ ಲೆಕ್ಕದಲ್ಲಿ ಅದು ಅಗ್ಗ. ಪ್ರಯೋಗಶಾಲೆಗಳು, ಕಾರ್ಖಾನೆಗಳು, ವಿಶ್ವವಿದ್ಯಾಲಯಗಳು ಮೊದಲ ಬಾರಿಗೆ ತಮ್ಮದೇ ಗಣಕವನ್ನು ಕೊಳ್ಳುವಂತಾದವು.

ಹೀಗೆ ದುಡಿದು, ಹಳತಾಗಿ, ಕೊಟ್ಟಿಗೆ ಮತ್ತು ನೆಲಮಾಳಿಗೆಗಳಲ್ಲಿ ಧೂಳು ತಿನ್ನುತ್ತ ಬಿದ್ದ ಯಂತ್ರಗಳನ್ನು ಸಂಗ್ರಾಹಕರು ಮತ್ತೆ ಚಾಲನೆಗೆ ತರುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಯಂತ್ರ ಸಿಕ್ಕ ಕೂಡಲೇ ಸ್ವಿಚ್ ಒತ್ತುವವನು ಅದನ್ನು ಕೊಲ್ಲುತ್ತಾನೆ ಎಂಬುದು ಇವರ ಮೊದಲ ಪಾಠ. ಹತ್ತಾರು ವರ್ಷ ವಿದ್ಯುತ್ ಕಾಣದ ಕೆಪಾಸಿಟರುಗಳ ಒಳಪದರ ಸವೆದಿರುತ್ತದೆ. ಪೂರ್ಣ ವೋಲ್ಟೇಜು ಒಮ್ಮೆಲೇ ಹರಿದರೆ ಸಿಡಿಯುತ್ತವೆ. ಆದ್ದರಿಂದ ಅವಕ್ಕೆ ಗಂಟೆಗಟ್ಟಲೆ ಹೊತ್ತು ಹನಿಹನಿಯಾಗಿ ವಿದ್ಯುತ್ತನ್ನು ಉಣಿಸಿ ಆ ಪದರವನ್ನು ಮರಳಿ ಬೆಳೆಸಲಾಗುತ್ತದೆ. ಬಹುದಿನ ಉಪವಾಸವಿದ್ದವನಿಗೆ ಗಂಜಿಯಿಂದ ಆರಂಭಿಸುವ ಹಾಗೆ. ನಂತರ ವಿದ್ಯುತ್ ಪೂರೈಸುವ ಭಾಗವನ್ನು ಮಾತ್ರ ಬೇರ್ಪಡಿಸಿ, ಗಣಕದ ಬದಲಿಗೆ ಬಲ್ಬುಗಳನ್ನು ಜೋಡಿಸಿ ಉರಿಸಿ ನೋಡುತ್ತಾರೆ. ನಮ್ಮ ಎಲೆಕ್ಟ್ರಿಶಿಯನ್ನರು ಸೀರೀಸ್ ಬಲ್ಬ್ ಹಾಕಿ ಪರೀಕ್ಷಿಸುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಆಮೇಲೆ ಬರುವುದು ಕಾರ್ಡುಗಳ ಸರದಿ. ಪಿಡಿಪಿ-8ರ ಒಳಗೆ ಅಂಗೈಯಗಲದ ನೂರಾರು ಕಾರ್ಡುಗಳಿದ್ದು, ಪ್ರತಿಯೊಂದರಲ್ಲೂ ಕೆಲವೇ ಟ್ರಾನ್ಸಿಸ್ಟರು, ಡಯೋಡುಗಳಿರುತ್ತವೆ. ಒಂದೊಂದನ್ನೂ ಹೊರತೆಗೆದು, ಅಂಚುಗಳನ್ನು ಶುಚಿಗೊಳಿಸಿ, ಪರೀಕ್ಷಿಸಿ, ಕೆಟ್ಟದ್ದನ್ನು ಗುರುತಿಸಿ, ಅದರೊಳಗಿನ ಒಂದು ಚಿಕ್ಕ ಬಿಡಿಭಾಗವನ್ನಷ್ಟೇ ಬದಲಿಸುತ್ತಾರೆ. ಇಡೀ ಕಾರ್ಡನ್ನು ಎಸೆಯುವ ಮಾತೇ ಇಲ್ಲ. ನೆನಪಿನ ಕೋಶದ ಕಥೆ ಇನ್ನೂ ಸೊಗಸು. ಸಾಸಿವೆ ಕಾಳಿನಷ್ಟು ಚಿಕ್ಕ ಕಾಂತೀಯ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿ ಹೆಣೆದ ಜಾಲವದು. 12 ಬಿಟ್‌ಗಳ 4,096 ಪದಗಳಿಗೆ 49,152 ಉಂಗುರಗಳು. ವಿದ್ಯುತ್ ನಿಂತರೂ ಈ ಉಂಗುರಗಳು ತಮ್ಮ ಕಾಂತತ್ವವನ್ನು ಬಿಡುವುದಿಲ್ಲವಾದ್ದರಿಂದ, ದಶಕಗಳ ಹಿಂದೆ ಕೊನೆಯ ಬಾರಿ ನಡೆಸಿದವರ ಪ್ರೋಗ್ರಾಮು ಅದರಲ್ಲಿ ಹಾಗೆಯೇ ಉಳಿದಿರಲು ಸಾಧ್ಯ. ಬಲ್ಲವರು ಬೇರೇನನ್ನೂ ನಡೆಸುವ ಮೊದಲು ಅದನ್ನು ಓದಿಟ್ಟುಕೊಳ್ಳುತ್ತಾರೆ.

ಇಷ್ಟಾದ ಮೇಲೆ ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಂದು ಕಿರು ಪ್ರೋಗ್ರಾಮನ್ನು ಕೈಯಿಂದಲೇ ಒಳಗೆ ಕೂಡಿಸಬೇಕು. ಆಗ ಯಂತ್ರ ಕಾಗದದ ರಂಧ್ರಪಟ್ಟಿಯನ್ನು ಓದಲು ಕಲಿಯುತ್ತದೆ. ಓದಿಸುವ ಟೆಲಿಟೈಪಿನ ವೇಗ ಸೆಕೆಂಡಿಗೆ 10 ಅಕ್ಷರ. ಆ ಟೆಲಿಟೈಪಿನ ಸುತ್ತಿಗೆಯ ತುದಿಯ ರಬ್ಬರು ವಯಸ್ಸಿಗೆ ಅಂಟಾಗಿಯೋ ಕಲ್ಲಾಗಿಯೋ ಕೆಟ್ಟಿರುತ್ತದೆ. ಅಳತೆಗೆ ಹೊಂದುವ ರಬ್ಬರ್ ನಳಿಕೆಯ ತುಂಡನ್ನು ಸಿಕ್ಕಿಸಿದರೆ ಕೆಲಸ ನಡೆಯುತ್ತದೆ. ಇಂಥ ಜಾಣ್ಮೆ ಹಳ್ಳಿಯ ಸೈಕಲ್ ಅಂಗಡಿಗೆ ಹೊಸತಲ್ಲ.

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಸ್ವಯಂಸೇವಕರ ತಂಡವೊಂದು ಪಿಡಿಪಿ-8ಕ್ಕಿಂತಲೂ ಹಳೆಯದಾದ ಪಿಡಿಪಿ-1 ಯಂತ್ರವನ್ನು 2000ರ ದಶಕದ ಮಧ್ಯದಲ್ಲಿ ಈ ರೀತಿ ಎಬ್ಬಿಸಿ ಕೂಡಿಸಿತು. ಆ ಮಾದರಿಯ ಯಂತ್ರಗಳು ಒಟ್ಟು ತಯಾರಾದದ್ದೇ 53. 1962ರಲ್ಲಿ ಅದರ ಮೇಲೆಯೇ ವಿದ್ಯಾರ್ಥಿಗಳು ಬರೆದ ‘ಸ್ಪೇಸ್‌ವಾರ್’ ಎಂಬ ಆಟವನ್ನು ಸಂದರ್ಶಕರ ಮುಂದೆ ಅದೇ ಯಂತ್ರದಲ್ಲಿ ಆಡಿಸಿ ತೋರಿಸಿದರು. ಕೆಲಸ ಮಾಡಿದವರಲ್ಲಿ ಹಲವರು ನಿವೃತ್ತ ಎಂಜಿನಿಯರುಗಳು. ಅವರ ಕೈಚಳಕ ದೊಡ್ಡದು, ನಿಜ. ಆದರೆ ಕೈಚಳಕವೊಂದೇ ಸಾಲುತ್ತಿರಲಿಲ್ಲ.

ಡಿಇಸಿ ತನ್ನ ಯಂತ್ರಗಳನ್ನು ಮಾರುವಾಗ ಅವುಗಳ ಪೂರ್ಣ ಸರ್ಕಿಟ್ ನಕ್ಷೆಗಳನ್ನೂ, ದುರಸ್ತಿಯ ಕೈಪಿಡಿಗಳನ್ನೂ, ದೋಷ ಹುಡುಕುವ ಪರೀಕ್ಷಾ ಪ್ರೋಗ್ರಾಮುಗಳನ್ನೂ ಗ್ರಾಹಕರಿಗೆ ಒದಗಿಸುತ್ತಿತ್ತು. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟೇಜು ಇರಬೇಕು ಎಂಬುದೆಲ್ಲ ಅಚ್ಚಾಗಿತ್ತು. ಡಿಇಸಿಯನ್ನು 1998ರಲ್ಲಿ ಕಾಂಪ್ಯಾಕ್ ಕೊಂಡಿತು. ಕಂಪನಿಯ ಹೆಸರು ಅಳಿಯಿತು. ಆದರೆ ಕಾಗದಗಳು ಗ್ರಾಹಕರ ಕಪಾಟುಗಳಲ್ಲಿ ಉಳಿದವು, ಹವ್ಯಾಸಿಗಳು ಅವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಎಲ್ಲರಿಗೂ ದೊರೆಯುವಂತೆ ಕೂಡಿಟ್ಟರು. ಮಾಡಿದ ಕಂಪನಿ ಸತ್ತ ಮೇಲೂ ಯಂತ್ರ ಬದುಕಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಭಾರತಕ್ಕೂ ಮಿನಿಕಂಪ್ಯೂಟರಿನ ತನ್ನದೇ ಚರಿತ್ರೆಯಿದೆ. ಟ್ರಾಂಬೆಯಲ್ಲಿ ರೂಪುಗೊಂಡ ಟಿಡಿಸಿ-12 ಯಂತ್ರವನ್ನು ಹೈದರಾಬಾದಿನ ಇಸಿಐಎಲ್ 1969ರ ಹೊತ್ತಿಗೆ ಹೊರತಂದಿತು. 1978ರಲ್ಲಿ ಐಬಿಎಂ ಈ ದೇಶದಿಂದ ಹೊರನಡೆದ ನಂತರ ದೇಶೀಯ ಕಂಪನಿಗಳಿಗೆ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ ವಿಪ್ರೋ 1980ರ ದಶಕದ ಆರಂಭದಲ್ಲಿ ತನ್ನ ಮಿನಿಕಂಪ್ಯೂಟರನ್ನು ತಯಾರಿಸಿತು. ಅಡುಗೆ ಎಣ್ಣೆಯ ಕಂಪನಿ ಗಣಕಕ್ಕೆ ಕೈಹಾಕಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಆ ಗಣಕಗಳು ಆಮೇಲೆ ಏನಾದವೆಂದು ಕೇಳುವವರಿಲ್ಲ. ಬಳಕೆ ತೀರಿದ ಸರಂಜಾಮನ್ನು ಪಟ್ಟಿಯಿಂದ ಕಡಿದುಹಾಕಿ ತೂಕಕ್ಕೆ ಹರಾಜು ಹಾಕುವುದು ನಮ್ಮ ಕಚೇರಿಗಳ ರೂಢಿ. ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ಗುಜರಿಗೆ ‘ಭಂಗಾರ’ ಎನ್ನುತ್ತಾರೆ. ಹಳೆಯ ಕಾರ್ಡುಗಳ ಅಂಚಿಗೆ ಬಳಿದ ತೆಳುವಾದ ಬಂಗಾರಕ್ಕಾಗಿಯೇ ಅವನ್ನು ಸುಟ್ಟು, ಆಮ್ಲದಲ್ಲಿ ಅದ್ದಿ ಕರಗಿಸುವುದರಿಂದ ಭಂಗಾರಕ್ಕೂ ಬಂಗಾರಕ್ಕೂ ಇಲ್ಲಿ ಒಂದು ಮಹಾಪ್ರಾಣದ ವ್ಯತ್ಯಾಸ ಮಾತ್ರ ಉಳಿದಿದೆ. ಅದರ ಹೊಗೆ ಕುಡಿಯುವವರು, ಆಮ್ಲ ಹರಿದ ಚರಂಡಿಯ ಪಕ್ಕದಲ್ಲಿ ಬದುಕುವವರು ಯಾರೆಂಬುದನ್ನು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇದು ಉಳ್ಳವರ ಶೋಕಿಯಲ್ಲವೇ? ಒಂದು ಮಟ್ಟಿಗೆ ಹೌದು. ಅಂದಿನ ಪಿಡಿಪಿ-8 ನೂರಾರು ವ್ಯಾಟ್ ವಿದ್ಯುತ್ ತಿಂದು ಮಾಡುವ ಲೆಕ್ಕವನ್ನು ಇಂದು ಸಂತೆಯಲ್ಲಿ ಸಿಗುವ ಕ್ಯಾಲ್ಕುಲೇಟರು ಬಿಸಿಲಿನ ಬಲದಿಂದಲೇ ಮಾಡುತ್ತದೆ. ಹಳೆಯ ಗಣಕವನ್ನು ಎಬ್ಬಿಸಿದರೆ ಭೂಮಿ ತಣ್ಣಗಾಗುವುದಿಲ್ಲ. ಶ್ರೀಮಂತರ ಆಸರೆಯನ್ನು ನಂಬಿದರೆ ಆಗುವ ಗತಿಯನ್ನೂ ನೋಡಿದ್ದಾಗಿದೆ. ಮೈಕ್ರೋಸಾಫ್ಟಿನ ಸಹಸಂಸ್ಥಾಪಕ ಪಾಲ್ ಆ್ಯಲನ್ ಸಿಯಾಟಲ್‌ನಲ್ಲಿ ಕಟ್ಟಿ 2012ರಲ್ಲಿ ಸಾರ್ವಜನಿಕರಿಗೆ ತೆರೆದ ಜೀವಂತ ಗಣಕಗಳ ಸಂಗ್ರಹಾಲಯದಲ್ಲಿ ಹಳೆಯ ಯಂತ್ರಗಳನ್ನು ಜನ ತಾವೇ ಮುಟ್ಟಿ ನಡೆಸಬಹುದಿತ್ತು. ಆತ 2018ರಲ್ಲಿ ತೀರಿಕೊಂಡರು, 2020ರಲ್ಲಿ ಕೋವಿಡ್ ನೆಪವಾಗಿ ಬಾಗಿಲು ಮುಚ್ಚಿತು, 2024ರಲ್ಲಿ ಅಲ್ಲಿನ ಎಷ್ಟೋ ಯಂತ್ರಗಳು ಕ್ರಿಸ್ಟೀಸ್ ಹರಾಜಿಗೆ ಬಂದವು. ಹೀಗಾಗಿ ಈ ಹವ್ಯಾಸವನ್ನು ಹಾಡಿ ಹೊಗಳಬೇಕಾಗಿಲ್ಲ. ಅದು ಯಾವುದರ ಬಲದಿಂದ ನಡೆಯಿತೋ ಅದನ್ನು ಮಾತ್ರ ನಮ್ಮ ಊರುಗಳು ಕೇಳಿ ಪಡೆಯಬೇಕು.

ಏಕೆಂದರೆ ಗುಡ್ಡದ ಹಳ್ಳಿಗಳು ಈಗ ಮುಚ್ಚಿದ ಪೆಟ್ಟಿಗೆಗಳಿಂದ ತುಂಬುತ್ತಿವೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಳ್ಳದ ನೀರಿನಿಂದ ತಿರುಗುವ ಕಿರು ಜಲವಿದ್ಯುತ್ ಯಂತ್ರಗಳಿವೆ. ಅದರ ಚಕ್ರ ಸವೆದರೆ ಪಕ್ಕದ ಊರಿನ ವೆಲ್ಡಿಂಗ್ ಅಂಗಡಿಯವನು ಸರಿಪಡಿಸುತ್ತಾನೆ; ಅದರ ಜನರೇಟರು ಸುಟ್ಟರೆ ಮೋಟರ್ ಸುತ್ತುವವನು ಸುತ್ತಿಕೊಡುತ್ತಾನೆ. ವಿದ್ಯುತ್ತಿನ ಹೊರೆಯನ್ನು ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಮುಂಗಾರಿನ ಸಿಡಿಲಿಗೆ ಕೆಟ್ಟರೆ ಮಾತ್ರ ಇಡೀ ವ್ಯವಸ್ಥೆ ಮೂಲೆ ಸೇರುತ್ತದೆ. ಸೌರ ಪಂಪಿನ ನಿಯಂತ್ರಕ, ಇನ್‌ವರ್ಟರು, ಬೇಲಿಯ ಯಂತ್ರ, ಶಾಲೆಗೆ ಬಂದ ಟ್ಯಾಬ್ಲೆಟ್ಟು, ಎಲ್ಲದರ ಪಾಡೂ ಇದೇ. ಕೆಲವದರ ಕಾರ್ಡಿಗೆ ಅಂಟು ಸುರಿದು ಕಲ್ಲು ಮಾಡಿರುತ್ತಾರೆ. ಕೆಲವದರಲ್ಲಿ ಚಿಪ್ಪಿನ ಮೇಲಿನ ಸಂಖ್ಯೆಯನ್ನೇ ಉಜ್ಜಿ ಅಳಿಸಿರುತ್ತಾರೆ. ಹತ್ತು ರೂಪಾಯಿಯ ಬಿಡಿಭಾಗ ಸುಟ್ಟದ್ದಕ್ಕೆ ಹತ್ತು ಸಾವಿರದ ಪೆಟ್ಟಿಗೆಯನ್ನು ಎಸೆಯಬೇಕು. ಅರವತ್ತು ವರ್ಷ ಹಳೆಯ ಗಣಕ ದುರಸ್ತಿಯಾಗುತ್ತದೆ, ಐದು ವರ್ಷದ ಸೌರ ನಿಯಂತ್ರಕ ದುರಸ್ತಿಯಾಗುವುದಿಲ್ಲ. ಇದು ಪ್ರಗತಿಯ ಅನಿವಾರ್ಯ ಫಲವೆಂದು ಹೇಳುವವರನ್ನು ನಂಬಬೇಕಾಗಿಲ್ಲ. ಚಿಪ್ಪಿನ ಸಂಖ್ಯೆಯನ್ನು ಉಜ್ಜಿ ಅಳಿಸುವುದಕ್ಕೂ ಪ್ರಗತಿಗೂ ಯಾವ ಸಂಬಂಧ?

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಸಂಸ್ಕರಣೆಗೆ ಹೋದದ್ದಕ್ಕೆ ದಾಖಲೆಯಿರುವುದು ಶೇ. 22.3ರಷ್ಟಕ್ಕೆ ಮಾತ್ರ. ಪರಿಸರ ಸಂಘಟನೆಗಳು ಇದಕ್ಕೆ ಉತ್ತರವಾಗಿ ಶಾಲೆಗಳಲ್ಲಿ ಇ-ಕಸ ಸಂಗ್ರಹ ಶಿಬಿರಗಳನ್ನು ನಡೆಸುತ್ತಿವೆ. ಶಿಬಿರ ತಪ್ಪಲ್ಲ. ಆದರೆ ಡಬ್ಬಿ ಇಟ್ಟು ಕಸ ಬೇಡುವ ಚಳವಳಿ ಕಸ ಹುಟ್ಟುವ ಜಾಗವನ್ನು ಮುಟ್ಟುವುದಿಲ್ಲ. ಕಂಪನಿಗಳಿಗೆ ಅದರಿಂದ ನೋವೂ ಇಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ಇ-ತ್ಯಾಜ್ಯ ನಿಯಮಗಳ ಒತ್ತು ಕೂಡ ತಯಾರಕರಿಂದ ಮರುಬಳಕೆಯ ಲೆಕ್ಕ ಒಪ್ಪಿಸಿಕೊಳ್ಳುವುದರ ಮೇಲಿದೆ. ದುರಸ್ತಿಯ ಹಕ್ಕಿನ ಬಗ್ಗೆ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಒಂದು ಸಮಿತಿಯನ್ನೂ ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತಂದಿತು. ಯಾವ ಸಾಧನ ಎಷ್ಟು ಸುಲಭವಾಗಿ ದುರಸ್ತಿಯಾಗುತ್ತದೆಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ಮತ್ತೊಂದು ಸಮಿತಿ 2025ರಲ್ಲಿ ವರದಿ ಒಪ್ಪಿಸಿದೆ. ಫ್ರಾನ್ಸಿನಲ್ಲಿ ಇಂಥ ಅಂಕವನ್ನು 2021ರಿಂದಲೇ ಕಡ್ಡಾಯ ಮಾಡಲಾಯಿತು. ಒಳ್ಳೆಯದೇ. ಆದರೆ ಮೊಬೈಲು, ಫ್ರಿಜ್ಜುಗಳನ್ನು ಮುಂದಿಟ್ಟುಕೊಂಡು ನಡೆಯುವ ಈ ಚರ್ಚೆಯಲ್ಲಿ ಹಳ್ಳದ ದಂಡೆಯ ನಿಯಂತ್ರಕದ ಹೆಸರು ತಾನಾಗಿ ಬರಲಾರದು.

ಕಾನೂನಿಗಾಗಿ ಕಾಯುವ ಅಗತ್ಯವೂ ಇಲ್ಲ. ಗ್ರಾಮ ಪಂಚಾಯಿತಿ, ಶಾಲೆ, ಹಾಲಿನ ಸಂಘ, ನೀರು ಬಳಕೆದಾರರ ಸಂಘಗಳೆಲ್ಲ ಯಂತ್ರ ಕೊಳ್ಳುತ್ತವೆ. ಕೊಳ್ಳುವವನಿಗೆ ಷರತ್ತು ಹಾಕುವ ಅಧಿಕಾರವಿದೆ. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಇದೆ. ಬಳಕೆದಾರರೇ ಸದಸ್ಯರಾಗಿರುವ ಅಂಥ ಸಂಸ್ಥೆಯೊಂದು ತಾನು ಕೊಳ್ಳುವ ಎಲೆಕ್ಟ್ರಾನಿಕ್ ಸಾಧನಗಳ ಸರ್ಕಿಟ್ ನಕ್ಷೆಯನ್ನು ಕೇಳಿದರೆ ಮಾರುವವರು ಸುಲಭವಾಗಿ ಇಲ್ಲವೆನ್ನಲಾರರು. ವಿದ್ಯಾರ್ಥಿಗಳಿಗೂ ಕೆಲಸವಿದೆ. ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಓದುವವರು ತಮ್ಮ ಊರಿನ ಹಳೆಯ ಸ್ಟೆಬಿಲೈಸರು, ಪಂಪಿನ ಪ್ಯಾನೆಲ್ಲು, ರೇಡಿಯೊಗಳ ಜೊತೆ ಬಂದ ಕಾಗದಗಳನ್ನು ಅಟ್ಟದಿಂದ ಇಳಿಸಿ ಪ್ರತಿ ಮಾಡಿ ಗ್ರಂಥಾಲಯದಲ್ಲಿ ಇಡಬಹುದು. ನಕ್ಷೆಯೇ ಇಲ್ಲದ ಕಾರ್ಡಿನ ಗೆರೆಗಳನ್ನು ಮೀಟರ್ ಹಿಡಿದು ಹುಡುಕಿ ತಾವೇ ನಕ್ಷೆ ಬರೆಯಬಹುದು. ಮಿನಿಕಂಪ್ಯೂಟರಿನ ಹವ್ಯಾಸಿಗಳೂ ಕಾಗದ ಸಿಗದಾಗ ಇದನ್ನೇ ಮಾಡಿದ್ದಾರೆ. ನಿಯಂತ್ರಕ ಪೆಟ್ಟಿಗೆಗೆ ಇದು ಎರಡು ಮೂರು ದಿನದ ಕೆಲಸ.

ಪಂಚಾಯಿತಿಯ ಮುಂದಿನ ಟೆಂಡರಿನಲ್ಲಿ ಸೇರಿಸಬೇಕಾದದ್ದು ಇಷ್ಟು: ‘ಸಾಧನದೊಂದಿಗೆ ಅದರ ಪೂರ್ಣ ಸರ್ಕಿಟ್ ನಕ್ಷೆ, ಬಿಡಿಭಾಗಗಳ ಪಟ್ಟಿ ಮತ್ತು ಕನ್ನಡದಲ್ಲಿ ದುರಸ್ತಿಯ ಕೈಪಿಡಿಯನ್ನು ಒದಗಿಸತಕ್ಕದ್ದು, ಬಿಡಿಭಾಗಗಳ ಮೇಲಿನ ಗುರುತನ್ನು ಅಳಿಸಿದ ಸಾಧನವನ್ನು ಸ್ವೀಕರಿಸಲಾಗುವುದಿಲ್ಲ.’ ಗ್ರಾಮಸಭೆಯಲ್ಲಿ ಇದನ್ನು ಠರಾವಿಗೆ ಇಡಲು ಒಬ್ಬ ಸದಸ್ಯ ಎದ್ದು ನಿಂತರೂ ಸಾಕು.