ಚಿಪ್ಪಿನಲ್ಲೂ ಚಾರ್ಜ್ ಇದೆ

ಲಿಥಿಯಂ-ಅಯಾನ್ ಬ್ಯಾಟರಿಯ ಗುಣ-ದೋಷಗಳನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀವಿ. ಹಗುರ, ನೂರಾರು ಸಲ ಚಾರ್ಜ್ ಮಾಡಬಹುದು. ಆದರೆ ಬಿಸಿ ಹೆಚ್ಚಾದರೆ ಬೇಗ ಸವೆಯುತ್ತೆ, ಒಳಗೆ ಶಾರ್ಟ್ ಆದರೆ ಬೆಂಕಿ ಹತ್ತಬಹುದು. ಲಿಥಿಯಂಗೆ ಹೊರದೇಶವೇ ಗತಿ. ನಮ್ಮ ಮಂಡ್ಯದಲ್ಲಿ ಸಿಕ್ಕಿದ್ದು ಬರೀ 1,600 ಟನ್ ಅಂದಾಜು.

ಸೋಡಿಯಂ ಹಾಗಲ್ಲ, ಉಪ್ಪಿನಲ್ಲೇ ಇದೆ. ಸೋಡಿಯಂ-ಅಯಾನ್ ಬ್ಯಾಟರಿಯ ಆನೋಡಿಗೆ ಬೇಕಾದ ಹಾರ್ಡ್ ಕಾರ್ಬನ್ನನ್ನು ತೆಂಗಿನ ಚಿಪ್ಪಿನಿಂದ ಮಾಡಬಹುದು: ಗಾಳಿ ಸೋಕದಂತೆ 1,000 ಡಿಗ್ರಿ ದಾಟಿ ಕಾಯಿಸಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲಿ ಕೊಬ್ಬರಿ ತೆಗೆದ ಮೇಲೆ ಉಳಿಯೋದು ಅದೇ ಚಿಪ್ಪು. ಈಗ ಅದು ಒಲೆ ಸೇರುತ್ತೆ, ಇಲ್ಲಾ ಇದ್ದಿಲಾಗಿ ಲಾರಿ ಹತ್ತುತ್ತೆ.

ಸೋಡಿಯಂ ಬ್ಯಾಟರಿ ತೂಕ ಜಾಸ್ತಿ, ನಿಜ. ಆದರೆ ಮನೆ ಮೂಲೆಯ ಯುಪಿಎಸ್ ಎಲ್ಲಿಗೂ ಓಡಬೇಕಿಲ್ಲವಲ್ಲ! ಈ ಸಲದ ಮಿನಿ ಪ್ರಾಜೆಕ್ಟಿಗೆ ಒಂದು ಮೂಟೆ ಚಿಪ್ಪು ತರೋಣ. ಅದು ಇಲ್ಲೇ ಕಾರ್ಬನ್ ಆದರೆ ಬೆಳೆಗಾರರ ಕೈಗೂ ನಾಲ್ಕು ಕಾಸು ಸಿಕ್ಕೀತು.