ಗಂತಿಯ ಜಾತಿಯನ್ನು ಕೇಳೋಣ

ಮನುಷ್ಯನ ಜಾತಿಯನ್ನು ಕೇಳಬಾರದೆಂದು ನಾವು ಚರ್ಚಾಕೂಟಗಳಲ್ಲಿ ಸಾರುತ್ತೇವೆ. ಗಂತಿಯ ಜಾತಿಯನ್ನು ಮಾತ್ರ ಕೇಳಲೇಬೇಕೆಂಬುದು ನನ್ನ ವಾದ.

ಕಳೆದ ವರ್ಷ ನನ್ನ ಸೋದರಮಾವನವರ ಶ್ವಾಸಕೋಶದ ಒಂದು ಭಾಗವನ್ನು ತೆಗೆದರು. 'ಕ್ಯಾನ್ಸರು' ಎಂಬ ಒಂದೇ ಶಬ್ದ ಮನೆಮಂದಿಯನ್ನೆಲ್ಲ ಕಂಗೆಡಿಸಿತು. ಅಂಗಾಂಶ ಪರೀಕ್ಷೆಯ ವರದಿಯನ್ನು ಬಿಡಿಸಿ ಅರ್ಥ ಹೇಳಿದವರೇ ಇಲ್ಲ.

ಆದರೆ ಈ ರೋಗ ಒಂದೇ ಅಲ್ಲ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಡಾ. ಇವಾರ್ಟ್ಸ್ ಗ್ರಹಾಂ ಅವರು ಜೇಮ್ಸ್ ಗಿಲ್‌ಮೋರ್ ಎಂಬ ವೈದ್ಯರ ಎಡ ಶ್ವಾಸಕೋಶವನ್ನೇ ತೆಗೆದರು. ಅದು ಸ್ಕ್ವಾಮಸ್ ಜಾತಿಯ ಗಂತಿ. ರೋಗಿ ಸುಮಾರು 30 ವರ್ಷ ಬಾಳಿದರು; ಗ್ರಹಾಂ ಅವರೇ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಸಣ್ಣ ಕಣದ ಜಾತಿಯಾದರೋ ಬೇಗನೆ ದೇಹವೆಲ್ಲ ಹರಡುವುದು. ಅಲ್ಲಿ ಕತ್ತಿಗೆ ಕೆಲಸ ಕಡಮೆ. ಅಡಿನೊಕಾರ್ಸಿನೋಮದೊಳಗೂ ಒಳಪಂಗಡಗಳುಂಟು. ಗಾಳಿಗೂಡುಗಳ ಗೋಡೆಯ ಮೇಲೆಯೇ ತೆಳ್ಳಗೆ ಹಬ್ಬುವ ಲೆಪಿಡಿಕ್ ಬಗೆ ಸೌಮ್ಯ. ಮೈಕ್ರೊಪ್ಯಾಪಿಲರಿ ಮತ್ತು ಘನ ಬಗೆಗಳು ಶಸ್ತ್ರಚಿಕಿತ್ಸೆಯ ಬಳಿಕವೂ ಮರುಕಳಿಸುವುದು ಹೆಚ್ಚು.

ಗಂತಿಯ ಗಾತ್ರ, ಹರಡಿಕೆಗಳೂ ಮುಖ್ಯವೇ, ನಿಜ. ಆದರೂ ಅದರ ಜಾತಿಯನ್ನು ಕನ್ನಡದಲ್ಲಿ ತಿಳಿಸುವುದು ವೈದ್ಯರ ಕರ್ತವ್ಯ. ಕೇಳುವುದು ನಮ್ಮ ಹಕ್ಕು.

ಕೊನೆಗೆ ಪರಿಚಿತ ವೈದ್ಯರೊಬ್ಬರಿಂದ ಆ ವರದಿಯನ್ನು ಓದಿಸಿದೆ. ಮಾವನವರದು ಲೆಪಿಡಿಕ್ ಬಗೆ! ಆರು ತಿಂಗಳ ನಿದ್ದೆಗೇಡಿನಲ್ಲಿ ಅರ್ಧವಾದರೂ ವ್ಯರ್ಥವೆಂದು ಆಗ ತಿಳಿಯಿತು.