ಟಿಕೇಟು ಹರಿಯೋ ಮುಂಚೆ ಪುಸ್ತಕ ತೆಗೀರಿ ಗುರೂ!

ಅಭಿಮಾನಿ ಮಿತ್ರರೇ, ಈ ವಾರ ಯಾವ ತಾರೆಯ ಗುಟ್ಟೂ ಇಲ್ಲ, ಯಾವ ಹೀರೋನ ಕಾಲ್‌ಷೀಟ್ ಜಗಳವೂ ಇಲ್ಲ. ಕಳೆದ ಒಂದು ತಿಂಗಳಿಂದ ನಾನು ಓದಿದ ಮೂರು ಕಾದಂಬರಿಗಳ ಮಾತು. ‘ಪುಸ್ತಕಾನಾ? ನಮಗ್ಯಾಕೆ ಸ್ವಾಮಿ?’ ಅಂತ ಪುಟ ಮಗುಚಬೇಡಿ. ಮೂರೂ ನೀವು ಶಿಳ್ಳೆ ಹೊಡೆದು ನೋಡಿದ ಚಿತ್ರಗಳ ಕಥೆಗಳೇ. ಮೂರಕ್ಕೂ ನಮ್ಮ ಮೈಸೂರಿನ ನಂಟುಂಟು. ತ್ರಿವೇಣಿಯವರ ‘ಶರಪಂಜರ’, ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’, ತ.ರಾ.ಸು. ಅವರ ‘ನಾಗರಹಾವು’.

ಮೊದಲು ತ್ರಿವೇಣಿ. ನಮ್ಮ ಹುಡುಗರಿಗೆ ಪುಟ್ಟಣ್ಣ ಕಣಗಾಲ್ ಗೊತ್ತು, ಕಲ್ಪನಾ ಗೊತ್ತು. ಕಥೆ ಬರೆದ ಹೆಣ್ಣುಮಗಳ ಹೆಸರು ಕೇಳಿದರೆ ತಲೆ ಕೆರೆದುಕೊಳ್ತಾರೆ. ಇವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದವರು. ನಿಜವಾದ ಹೆಸರು ಅನಸೂಯ. 1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡರು. ಬರೀ 34 ವರ್ಷ! ಅಷ್ಟರೊಳಗೇ ಸುಮಾರು ಇಪ್ಪತ್ತು ಕಾದಂಬರಿ ಬರೆದರು. ಅವರ ‘ಬೆಕ್ಕಿನ ಕಣ್ಣು’ 1966ರಲ್ಲಿ ಪುಟ್ಟಣ್ಣನವರ ಕೈಯಲ್ಲಿ ಮಲಯಾಳದ ‘ಪೂಚಕ್ಕಣ್ಣಿ’ ಆಯಿತು. 1967ರಲ್ಲಿ ‘ಬೆಳ್ಳಿ ಮೋಡ’ ಬಂತು. ಪುಟ್ಟಣ್ಣ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ಅದೇ. ಆ ಹೊತ್ತಿಗೆ ತ್ರಿವೇಣಿ ಹೋಗಿ ನಾಲ್ಕು ವರ್ಷ. ಥಿಯೇಟರಿನ ಮುಂದೆ ಹೌಸ್‌ಫುಲ್ ಬೋರ್ಡು ತೂಗಾಡಿದ್ದನ್ನ ಬರೆದ ಕೈ ನೋಡಲೇ ಇಲ್ಲ. ಚಾಮರಾಜಪುರಂನಲ್ಲಿ ಅವರು ಬಾಳಿದ ಮನೆ ಈಗ ಅವರ ನೆನಪಿನ ಸಂಗ್ರಹಾಲಯ. ಆ ಕಡೆ ಹೋದಾಗ ಒಂದು ಗಳಿಗೆ ಒಳಗೆ ಹೋಗಿ ಬನ್ನಿ.

‘ಶರಪಂಜರ’ದ ಕಾವೇರಿಯನ್ನ ನೀವೆಲ್ಲ ನೋಡಿದ್ದೀರಿ. ಕಲ್ಪನಾ ತೆರೆ ತುಂಬ ಅತ್ತಿದ್ದಾರೆ, ನಕ್ಕಿದ್ದಾರೆ, ಕೂಗಿದ್ದಾರೆ. ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಅದಕ್ಕೆ ನನ್ನದೊಂದು ಉದ್ದಂಡ ನಮಸ್ಕಾರ. ಆದರೆ ಪುಸ್ತಕ ಓದಿದಾಗ ಬೇರೊಂದು ಭಯ ಹತ್ತುತ್ತೆ. ಅಲ್ಲಿ ಕೂಗಾಟಕ್ಕಿಂತ ಹೆಚ್ಚು ಹೆದರಿಸೋದು ಮೌನ. ಬಾಣಂತನದಲ್ಲಿ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ ಹೆಂಗಸು ಗುಣವಾಗಿ ಮನೆಗೆ ಬಂದಿದ್ದಾಳೆ. ಡಾಕ್ಟರು ಸರ್ಟಿಫಿಕೇಟು ಕೊಟ್ಟಾಯ್ತು, ಆದರೆ ಮನೆಯವರು ಕೊಡೋದಿಲ್ಲ! ನಕ್ಕರೆ ಅನುಮಾನ, ಸಿಟ್ಟು ಬಂದರೆ ಅನುಮಾನ. ಗಂಡನ ಮನಸ್ಸು ಇನ್ನೊಬ್ಬಳ ಕಡೆ ವಾಲಿರುತ್ತೆ. ಅದನ್ನ ಕೇಳಿದರೆ ‘ಇವಳಿಗೆ ಮತ್ತೆ ಶುರುವಾಯ್ತು’ ಅನ್ನೋ ನೋಟ. ಕೊನೆಗೆ ಆಕೆ ಮತ್ತೆ ಆಸ್ಪತ್ರೆಯ ದಾರಿ ಹಿಡೀತಾಳೆ. ಹಾಗಾದರೆ ಅವಳನ್ನ ಹುಚ್ಚಿ ಮಾಡಿದ್ದು ಕಾಯಿಲೆಯೋ, ನಾವೋ? ಬಾಣಂತಿಯರಿಗೆ ಬರುವ ಈ ಕಾಯಿಲೆಗೆ ಮದ್ದಿದೆ, ಗುಣವಾಗುತ್ತೆ ಅಂತ ಇವತ್ತು ಯಾವ ಡಾಕ್ಟರನ್ನ ಕೇಳಿದರೂ ಹೇಳ್ತಾರೆ. ನೋಡುವ ಕಣ್ಣಿಗೆ ಮದ್ದು ಎಲ್ಲಿದೆ ಹೇಳಿ?

ಎರಡನೆಯದು ‘ವಂಶವೃಕ್ಷ’. 1965ರ ಪುಸ್ತಕ. ಮೈಸೂರು-ನಂಜನಗೂಡು ರೈಲಿನಲ್ಲಿ ಓಡಾಡಿದವರಿಗೆ ಇದು ಪಕ್ಕದ ಮನೆ ಕಥೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ವಿಧವೆ ಸೊಸೆ ಕಾತ್ಯಾಯನಿ ಓದೋದಕ್ಕೆ ರೈಲು ಹತ್ತಿ ಮೈಸೂರಿಗೆ ಬರ್ತಾಳೆ. ಕಾಲೇಜಿನ ರಾಜನನ್ನ ಪ್ರೀತಿಸಿ ಮದುವೆಯಾಗ್ತಾಳೆ, ಮಗನನ್ನ ಮಾವನ ಮನೆಯಲ್ಲೇ ಬಿಡಬೇಕಾಗುತ್ತೆ. ಗಿರೀಶ್ ಕಾರ್ನಾಡ್ ಮತ್ತು ಬಿ.ವಿ. ಕಾರಂತ್ ಸೇರಿ ಇದನ್ನ ತೆರೆಗೆ ತಂದು ನಿರ್ದೇಶನದ ರಾಷ್ಟ್ರಪ್ರಶಸ್ತಿ ಹೊಡೆದರು. ಕಾತ್ಯಾಯನಿಯಾಗಿ ಎಲ್.ವಿ. ಶಾರದಾ, ರಾಜನಾಗಿ ಸ್ವತಃ ಕಾರ್ನಾಡ್. ಒಂದು ಸಣ್ಣ ಪಾತ್ರದಲ್ಲಿ ಸಂಪತ್ ಕುಮಾರ್ ಅನ್ನೋ ಮೈಸೂರಿನ ಹುಡುಗ. ಯಾರು ಗೊತ್ತಾಯ್ತಲ್ಲ? ಹ್ಞಾಂ, ನಮ್ಮ ವಿಷ್ಣುವರ್ಧನ್!

ಈ ಪುಸ್ತಕದ ಜೊತೆ ನಾನು ಎರಡು ರಾತ್ರಿ ಜಗಳ ಆಡಿದೆ. ಭೈರಪ್ಪನವರ ಕೈ ಬಲವಾದ ಕೈ, ಹಿಡಿದರೆ ಬಿಡೋದಿಲ್ಲ. ಶ್ರೋತ್ರಿಗಳು ಎಂಥ ದೊಡ್ಡ ಮನುಷ್ಯರು ಅಂದರೆ ಓದುತ್ತಾ ಓದುತ್ತಾ ಕೈ ಮುಗಿಯೋಣ ಅನ್ನಿಸುತ್ತೆ. ಆದರೆ ಮರುಮದುವೆಯಾದ ತಪ್ಪಿಗೆ ಕಾತ್ಯಾಯನಿಗೆ ಮೇಲಿಂದ ಮೇಲೆ ಗರ್ಭಪಾತ, ಪಾಪಪ್ರಜ್ಞೆ, ಕೊನೆಗೆ ಸಾವು. ಇತ್ತ ಇತಿಹಾಸದ ದೊಡ್ಡ ಗ್ರಂಥ ಬರೆಯೋ ಸದಾಶಿವರಾಯರು ಕಟ್ಟಿಕೊಂಡ ಹೆಂಡತಿ ನಾಗಲಕ್ಷ್ಮಿ ಇರುವಾಗಲೇ ಶಿಷ್ಯೆಯನ್ನ ಮದುವೆಯಾಗ್ತಾರೆ. ಅವರ ಗ್ರಂಥದ ಕೆಲಸ ಮಾತ್ರ ಮುಂದೆ ಸಾಗುತ್ತೆ! ಇದ್ಯಾವ ನ್ಯಾಯ ಸ್ವಾಮಿ ಅಂತ ಪುಸ್ತಕ ಬದಿಗಿಟ್ಟೆ, ಮತ್ತೆ ಎತ್ತಿಕೊಂಡೆ. ಕಡೆಯಲ್ಲಿ ಇನ್ನೊಂದು ಪೆಟ್ಟು ಕಾದಿದೆ. ವಂಶ ವಂಶ ಅಂತ ಬಾಳಿದ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟೇ ಗೊತ್ತಾಗುತ್ತೆ. ಅಲ್ಲಿಗೆ ಮರದ ಬೇರೇ ಅಲ್ಲಾಡುತ್ತೆ. ಆಗನ್ನಿಸಿತು, ಲೇಖಕರು ತೀರ್ಪು ಕೊಟ್ಟು ಎದ್ದು ಹೋಗಿಲ್ಲ, ಜಗಳವನ್ನ ನಮಗೆ ಬಿಟ್ಟು ಹೋಗಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರೂ ಹೋದರು. ಜಗಳ ಮಾತ್ರ ಇನ್ನೂ ನಡೀತಿದೆ.

ಮೂರನೆಯದು ಕೇಳಿ, ಸೀಟಿನ ತುದೀಲಿ ಕೂತ್ಕೊಳ್ಳಿ. ‘ನಾಗರಹಾವು’! 1972ರ ಚಿತ್ರ. ಪಿರಿಯಾಪಟ್ಟಣ ತಾಲ್ಲೂಕು ಕಣಗಾಲಿನ ಪುಟ್ಟಣ್ಣ, ಮೈಸೂರಿನ ವಿಷ್ಣು, ಚಾಮಯ್ಯ ಮೇಷ್ಟ್ರಾಗಿ ನಮ್ಮ ಸರಸ್ವತಿಪುರಂನ ಕೆ.ಎಸ್. ಅಶ್ವತ್ಥ್. ಚಿತ್ರದುರ್ಗದ ಕೋಟೆಯಲ್ಲಿ ಅರ್ಧ ಮೈಸೂರೇ ಹೋಗಿ ನಿಂತಿತ್ತು ಅನ್ನಿ! 2018ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಿಡುಗಡೆಯಾದಾಗಲೂ ಹುಡುಗರು ಮುಗಿಬಿದ್ದರು. ಆದರೆ ಇದು ಒಂದು ಪುಸ್ತಕ ಅಲ್ಲ, ಮೂರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನ್ನೂ ಒಂದೇ ಸಿನಿಮಾಕ್ಕೆ ಹಿಂಡಿದ್ದು ತ.ರಾ.ಸು.ಗೆ ಹಿಡಿಸಲಿಲ್ಲ. ನಾಗರಹಾವನ್ನ ಕೇರೆಹಾವು ಮಾಡಿಬಿಟ್ಟರು ಅಂತ ಅವರು ಮುನಿಸಿಕೊಂಡ ಮಾತು ಗಾಂಧಿನಗರದಲ್ಲಿ ಇವತ್ತಿಗೂ ಓಡಾಡುತ್ತೆ.

ಯಾರದು ಸರಿ? ನನ್ನ ತೀರ್ಮಾನ ಹೀಗೆ: ಇಬ್ಬರದೂ. ಸಿನಿಮಾಕ್ಕೆ ಗಡಿಯಾರ ಉಂಟು, ಕಾದಂಬರಿಗಿಲ್ಲ. ರಾಮಾಚಾರಿ ಪ್ರಿನ್ಸಿಪಾಲರನ್ನ ಕಂಬಕ್ಕೆ ಕಟ್ಟಿದಾಗ ತೆರೆ ಮುಂದೆ ಶಿಳ್ಳೆ ಬೀಳುತ್ತೆ, ಬೀಳಲೇಬೇಕು. ಪುಸ್ತಕದಲ್ಲಿ ಶಿಳ್ಳೆ ಹೊಡೆಯೋಕೆ ಪುರುಸೊತ್ತಿಲ್ಲ, ಈ ಹುಡುಗನ ಸಿಟ್ಟು ಅವನನ್ನೇ ಹೇಗೆ ತಿನ್ನುತ್ತೆ ಅಂತ ಪುಟ ಪುಟಕ್ಕೂ ಕಾಯ್ತೀವಿ. ಚಾಮಯ್ಯ ಮೇಷ್ಟ್ರ ವಿಷಯ ಯೋಚಿಸಿ. ಅಶ್ವತ್ಥ್ ಮುಖ ನೋಡಿದರೆ ಸಾಕು, ಮೇಷ್ಟ್ರು ದೇವರು ಅನ್ನಿಸಿಬಿಡುತ್ತೆ. ಆದರೆ ಜಾತಿಯ ಮಾತು ಹೇಳಿ ಅಲಮೇಲುವನ್ನ ಬಿಡಿಸಿದ್ದು ಆ ದೇವರೇ ಅಲ್ಲವೇ? ಆಮೇಲೆ ಆ ಹುಡುಗಿ ಯಾವ ಹೋಟೆಲಿನ ರೂಮಿನಲ್ಲಿ ಸಿಕ್ಕಳು ನೆನಪಿದೆಯಾ? ಮೇಷ್ಟ್ರ ಮಾತು ಕೇಳಿ ರಾಮಾಚಾರಿ ದೊಡ್ಡವನಾದ, ಬೆಲೆ ಕಟ್ಟಿದ್ದು ಅಲಮೇಲು.

ಈಗ ಮೂರೂ ಪುಸ್ತಕ ಒಂದರ ಪಕ್ಕ ಒಂದಿಟ್ಟು ನೋಡಿ. ಕಾವೇರಿ, ಕಾತ್ಯಾಯನಿ, ಅಲಮೇಲು. ಮೂವರೂ ಓದುಬರಹ ಬಲ್ಲ ಮನೆಗಳ ನಡುವೆ ಬಾಳಿದವರು. ಯಾರನ್ನೂ ಮುಸುಕು ಹಾಕಿದ ವಿಲನ್ ಬಂದು ಕೆಡಿಸಲಿಲ್ಲ. ಗಂಡ, ಮಾವ, ಮೇಷ್ಟ್ರು, ಪಕ್ಕದ ಮನೆಯವರು, ಎಲ್ಲ ನಮ್ಮಂಥ ಸಭ್ಯರೇ! ಥಿಯೇಟರಿನ ಕತ್ತಲಲ್ಲಿ ನಾವು ಹೀರೋ ಪಕ್ಕ ಕೂತು ಬಿಡ್ತೀವಿ. ಪುಸ್ತಕ ಓದುವಾಗ ದೀಪ ಉರೀತಿರುತ್ತೆ, ನಮ್ಮ ಮುಖವೂ ಕಾಣುತ್ತೆ. ಮನೇಲಿ ಅಕ್ಕ ತಂಗಿ ಇರೋರು, ನಾಳೆ ಮದುವೆ ಆಗೋರು ಇದನ್ನ ಓದಲೇಬೇಕು ಅನ್ನೋದು ಅದಕ್ಕೇ. ‘ಹೆಂಗಸರ ಕಾದಂಬರಿ’ ಅಂತ ಮೂಗು ಮುರಿಯೋನಿಗೆ ಹೇಳಿ, ಅದರಲ್ಲಿರೋ ಗಂಡಸು ಅವನೇ ಅಂತ.

ಇನ್ನು ಅಂಕ ಕೊಡೋ ಕೆಲಸ. ಬರಹದಲ್ಲಿ ‘ವಂಶವೃಕ್ಷ’ ಮುಂದು, ಓಟದಲ್ಲಿ ‘ನಾಗರಹಾವು’ ಮುಂದು. ಎದೆಯಲ್ಲಿ ಉಳಿದದ್ದು ‘ಶರಪಂಜರ’. ಒಂದೇ ಓದೋಕೆ ಟೈಮಿದ್ದರೆ ಅದನ್ನೇ ತೆಗೀರಿ. ಸಣ್ಣ ಪುಸ್ತಕ, ಆದರೆ ಗಾಯ ದೊಡ್ಡದು.

ದುಡ್ಡಿನ ಚಿಂತೆ ಬೇಡ. ಹಳೇ ಪುಸ್ತಕದಂಗಡಿಯಲ್ಲಿ ಹುಡುಕಿ, ಲೈಬ್ರರಿಯಲ್ಲಿ ಕೇಳಿ, ಮನೇಲಿ ಅಮ್ಮನ ಟ್ರಂಕು ತೆಗೆದು ನೋಡಿ, ಹೊದಿಕೆ ಹರಿದ ತ್ರಿವೇಣಿ ಅಲ್ಲೇ ಸಿಕ್ಕರೂ ಸಿಕ್ಕಾರು. ನಮ್ಮೂರಿನ ಶಾಂತಲಾ ಥಿಯೇಟರು 2020ರಲ್ಲೇ ಬಾಗಿಲು ಹಾಕಿತು. ತೆರೆ ಸುತ್ತಿಟ್ಟರೂ ಕಥೆ ಎಲ್ಲೂ ಹೋಗಿಲ್ಲ, ಪುಸ್ತಕದಲ್ಲಿ ದಿನಕ್ಕೆ ನಾಲ್ಕು ಆಟ ನಡೀತಾನೇ ಇದೆ. ಬ್ಲಾಕ್ ಟಿಕೇಟೂ ಇಲ್ಲ, ಕ್ಯೂನೂ ಇಲ್ಲ.

ಓದಿ ಆದ ಮೇಲೆ ಬರೆದು ಕಳಿಸಿ: ಚಾಮಯ್ಯ ಮೇಷ್ಟ್ರು ಮಾಡಿದ್ದು ಸರಿಯೋ ತಪ್ಪೋ? ಒಂದು ಕಾರ್ಡು ಸಾಕು. ಅಶ್ವತ್ಥ್ ಅಭಿಮಾನಿಗಳು ಬೈದು ಬರೆದರೂ ಅಡ್ಡಿಯಿಲ್ಲ. ಮುಂದಿನ ವಾರ ಮತ್ತೆ ಸಿಗೋಣ!